ಕೆರೆ ಮೊದಲೇ ತುಂಬಿದ್ದರೆ ನೆರೆನೀರಿಗೆ ಜಾಗ ಎಲ್ಲಿ?

ಓದುಗರ ಪತ್ರ: ಕುಂಬಳೆ ಹತ್ತಿರ ಪದವಿನ (ಗುಡ್ಡದ ಮೇಲಿನ ಬಯಲಿನ) ಬುಡದಲ್ಲಿ ನಮ್ಮದು 34 ಮನೆಗಳು. ಎರಡು ಮಳೆಗಾಲದಿಂದ ಜೋರು ಮಳೆ ಹೊಡೆದಾಗ ತಗ್ಗಿನ ಆರು ಮನೆಗಳಿಗೆ ನೀರು ನುಗ್ಗುತ್ತಿದೆ. ಒಬ್ಬರು 15 ಸೆಂಟ್ಸ್ ಜಾಗ ಬಿಟ್ಟುಕೊಡಲು ಒಪ್ಪಿದ್ದಾರೆ. ಅಲ್ಲಿ ಕೆರೆ ತೋಡಿದರೆ ನೆರೆ ನಿಲ್ಲುತ್ತದಾ? ಎಷ್ಟು ಆಳ ಬೇಕು? ಸಿಮೆಂಟ್ ಹಾಕಬೇಕಾ? ಬೇಸಗೆಗೂ ನೀರು ಉಳಿಯಬೇಕು ಅಂತ ಕೆಲವರ ಆಸೆ. ಸೊಳ್ಳೆ ಆಗುತ್ತದೆ, ಮಕ್ಕಳು ಬೀಳುತ್ತಾರೆ ಅಂತ ಕೆಲವರ ಹೆದರಿಕೆ. ನಮ್ಮ ಮೇಲಿನ ಪದವಿನ ನೀರು 12 ಎಕರೆಯಷ್ಟು ಜಾಗದಿಂದ ಇಳಿದು ಬರುತ್ತದೆ. ದಾರಿ ತೋರಿಸಿ. ಇನ್ನೊಂದು ಬೇರೆ ವಿಷಯ: ಇಲ್ಲಿ ಮೊದಲು ಮೂರು ಎಕರೆ ಗದ್ದೆ ಇತ್ತು, ಈಗ ಒಂದು ಎಕರೆ ಹಡಿಲು (ಬೇಸಾಯ ಇಲ್ಲದೆ ಪಾಳು) ಬಿದ್ದಿದೆ, ಉಳಿದದ್ದಕ್ಕೆ ಮಣ್ಣು ತುಂಬಿಸಿದ್ದಾರೆ.

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 15 ಸೆಂಟ್ಸ್ ಬಿಟ್ಟುಕೊಟ್ಟವರಿಗೆ ಮೊದಲು ನನ್ನ ನಮಸ್ಕಾರ ಹೇಳಿ. ಇವತ್ತಿನ ಜಾಗದ ರೇಟಿನಲ್ಲಿ ಅದು ಸಣ್ಣ ಮಾತಲ್ಲ.

ನೀವು ಎಷ್ಟು ಆಳ ಅಂತ ಕೇಳಿದ್ದೀರಿ. ನಾನು ಒಂದು ಪ್ರಶ್ನೆ ಕೇಳುತ್ತೇನೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್), ಮಳೆ ಹಿಡಿದು ಹತ್ತು ದಿನ ಆದ ಮೇಲೆ, ಆ ಜಾಗದಲ್ಲಿ ಒಂದು ಗುಂಡಿ ತೋಡಿದರೆ ಎಷ್ಟು ಅಡಿಗೆ ನೀರು ಸಿಗುತ್ತದೆ? ಎರಡೇ ಅಡಿಗೆ ಸಿಕ್ಕಿದರೆ ನೀವು ಇಪ್ಪತ್ತು ಅಡಿ ತೋಡಿದರೂ ನೆರೆಯ ಲೆಕ್ಕಕ್ಕೆ ಬರುವುದು ಆ ಎರಡು ಅಡಿ ಮಾತ್ರ. ಉಳಿದ ಹದಿನೆಂಟು ಅಡಿಯಲ್ಲಿ ನೆಲದೊಳಗಿನ ನೀರು ಮೊದಲೇ ಬಂದು ಕೂತಿರುತ್ತದೆ. ಪದವಿನಿಂದ ಇಳಿದು ಬಂದ ನೀರು ಎಲ್ಲಿ ನಿಲ್ಲಬೇಕು? ನೆರೆ ತಡೆಯುವುದು ಕೆರೆಯಲ್ಲಿ ಖಾಲಿ ಇರುವ ಜಾಗ. ಮೇ ತಿಂಗಳಲ್ಲಿ ನೆಲ ಒಣಗಿದಾಗ ಜೆಸಿಬಿ ತಂದು ತೋಡುವಾಗ ಇದು ಯಾರಿಗೂ ನೆನಪಾಗುವುದಿಲ್ಲ, ಆಗ ಎಷ್ಟು ಆಳಕ್ಕೆ ಹೋದರೂ ಒಣ ಮಣ್ಣೇ ಕಾಣುತ್ತದೆ ಅಲ್ವಾ. ಅದಕ್ಕೇ ಜಾಗವನ್ನು ಮಳೆಗಾಲದಲ್ಲಿ ನೋಡಿ ಅನ್ನುವುದು.

ಈಗ ಲೆಕ್ಕ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದು ಗುಣಾಕಾರ. ನಿಮ್ಮ 12 ಎಕರೆ ಅಂದರೆ ಸುಮಾರು 48,500 ಚದರ ಮೀಟರ್. ಒಂದು ಗಂಟೆಯಲ್ಲಿ 50 ಮಿ.ಮೀ. ಸುರಿಯಿತು ಅಂತ ಇಟ್ಟುಕೊಳ್ಳಿ, ನಮ್ಮ ಕಡೆ ಅಂಥ ಗಂಟೆಗಳು ಇವೆ. ಒಟ್ಟು 24 ಲಕ್ಷ ಲೀಟರ್. ಎಲ್ಲವೂ ಕೆಳಗೆ ಬರುವುದಿಲ್ಲ. ಆದರೆ ಮುರಕಲ್ಲಿನ (ಕೆಂಪುಕಲ್ಲಿನ) ಪದವು, ಮೊದಲೇ ನೆನೆದು ಕೂತಿದೆ, ಹತ್ತರಲ್ಲಿ ಆರು ಪಾಲು ಇಳಿಯುತ್ತದೆ ಅಂತ ಹಿಡಿದರೆ ಹದಿನಾಲ್ಕೂವರೆ ಲಕ್ಷ ಲೀಟರ್. ನಿಮ್ಮ 15 ಸೆಂಟ್ಸ್ ಅಂದರೆ ಸುಮಾರು 600 ಚದರ ಮೀಟರ್. ಬದುವಿಗೆ, ಇಳಿಜಾರಿಗೆ, ನಡೆದಾಡುವ ಜಾಗಕ್ಕೆ ಬಿಟ್ಟರೆ ಸರಾಸರಿ 400 ಉಳಿಯುತ್ತದೆ. ಅದರಲ್ಲಿ ಒಂದೂವರೆ ಮೀಟರ್ ಖಾಲಿ ಜಾಗ ಸಿಕ್ಕಿದರೆ ಆರು ಲಕ್ಷ ಲೀಟರ್ ಹಿಡಿಯುತ್ತದೆ.

ಅರ್ಧವೂ ಆಗಲಿಲ್ಲ. ಬೇಸರ ಬೇಡ, ನೀರು ಬರುತ್ತಿರುವಾಗಲೇ ಒಂದಷ್ಟು ಹೊರಗೂ ಹೋಗುತ್ತಿರಬೇಕು. ಕೆರೆಯ ತಳದಲ್ಲಿ ಒಂದು ಅಡಿ ವ್ಯಾಸದ ಪೈಪ್ ಇಟ್ಟು ಅದನ್ನು ತೋಡಿಗೆ (ಸಣ್ಣ ಹಳ್ಳಕ್ಕೆ) ಬಿಟ್ಟರೆ, ಪೈಪಿನ ಮೇಲೆ ಒಂದು ಮೀಟರ್ ನೀರು ನಿಂತಾಗ ಸೆಕೆಂಡಿಗೆ ಸುಮಾರು 180 ಲೀಟರ್ ಹೋಗುತ್ತದೆ. ಕೆರೆ ಖಾಲಿಯಿಂದ ಶುರುವಾಗುವುದರಿಂದ ಮೊದಲ ಗಂಟೆಯಲ್ಲಿ ನಾಲ್ಕು ಲಕ್ಷ ಲೀಟರ್ ಹೋದೀತು ಅಂತ ಹಿಡಿಯಿರಿ. ಆರು ಮತ್ತು ನಾಲ್ಕು ಹತ್ತು. ಇನ್ನೂ ನಾಲ್ಕೂವರೆ ಲಕ್ಷ ಬಾಕಿ. ಆ ಬಾಕಿ ನೀರೇ ಆರು ಮನೆಯ ಜಗಲಿ ಹತ್ತುವುದು.

ಈ ಬಾಕಿಗೆ ಉತ್ತರ ನಿಮ್ಮ ಪತ್ರದ ಕೊನೆಯಲ್ಲೇ ಇದೆ, ನೀವು ಅದನ್ನು ಬೇರೆ ವಿಷಯ ಅಂತ ಬರೆದಿದ್ದೀರಿ. "ಮೊದಲು ಮೂರು ಎಕರೆ ಗದ್ದೆ ಇತ್ತು, ಈಗ ಒಂದು ಎಕರೆ ಹಡಿಲು ಬಿದ್ದಿದೆ, ಉಳಿದದ್ದಕ್ಕೆ ಮಣ್ಣು ತುಂಬಿಸಿದ್ದಾರೆ" ಅಂತ. ಒಂದು ಎಕರೆ ಗದ್ದೆಯಲ್ಲಿ ಅರ್ಧ ಅಡಿ ನೀರು ನಿಂತರೆ ಎಷ್ಟು ಗೊತ್ತಾ? ಸುಮಾರು ಆರು ಲಕ್ಷ ಲೀಟರ್. ನೀವು ಇಷ್ಟು ಕಷ್ಟಪಟ್ಟು ತೋಡುವ ಕೆರೆಯಷ್ಟೇ! ಮೂರು ಎಕರೆ ಗದ್ದೆ ಇದ್ದಾಗ ಅಂಥ ಮೂರು ಕೆರೆ ಇದ್ದ ಹಾಗೆ. ಯಾರೂ ಅದನ್ನು ಕೆರೆ ಅನ್ನಲಿಲ್ಲ ಅಷ್ಟೇ. ಮಣ್ಣು ತುಂಬಿದ ಎರಡು ಎಕರೆ ವಾಪಸ್ ಬರುವುದಿಲ್ಲ. ಆದರೆ ಹಡಿಲು ಬಿದ್ದಿರುವ ಆ ಒಂದು ಎಕರೆ ಇದೆಯಲ್ಲ, ಅದರ ಕಟ್ಟಪುಣಿ (ಗದ್ದೆಯ ಬದು) ಎಲ್ಲೆಲ್ಲಿ ಒಡೆದಿದೆ ಅಂತ ಈ ಭಾನುವಾರವೇ ಹೋಗಿ ನೋಡಿ. ಪುಣಿ ಮುಕ್ಕಾಲು ಅಡಿ ಎತ್ತರಕ್ಕೆ ಕಟ್ಟಿ, ನೀರು ನಿಧಾನ ಬಿಡುವ ಒಂದು ಕಂಡಿ ಇಟ್ಟರೆ, ಪದವಿನ ನೀರಿನಲ್ಲಿ ಒಂದು ಪಾಲು ಅಲ್ಲಿಗೆ ತಿರುಗುವಂತಿದ್ದರೆ, ನಿಮ್ಮ ಬಾಕಿ ಹೆಚ್ಚುಕಡಿಮೆ ಅಲ್ಲೇ ಚುಕ್ತಾ ಆಗುತ್ತದೆ. ಖರ್ಚೂ ಕಡಿಮೆ. ಗದ್ದೆಯವರು ಒಪ್ಪಬೇಕು, ನಾಲ್ಕು ಮಂದಿ ಹೋಗಿ ಕೂತು ಮಾತಾಡಿ. ಬೆಳೆ ತೆಗೆಯಲು ನೀವೇ ಕೂಡಿಕೊಳ್ಳುತ್ತೀರಿ ಅಂದರೆ ಇನ್ನೂ ಒಳ್ಳೆಯದು.

ಮತ್ತೊಂದು ವಿಷಯ ನಿಮ್ಮ ಪತ್ರದಲ್ಲಿ ಇಲ್ಲ. ಆ 15 ಸೆಂಟ್ಸ್ ಆರು ಮನೆಗಳ ಮೇಲೆ ಇದೆಯಾ, ಕೆಳಗಾ? ಮೇಲಿದ್ದರೆ ನೀರು ಮನೆಗೆ ಬರುವ ಮೊದಲೇ ಹಿಡಿಯಬಹುದು. ಕೆಳಗಿದ್ದರೆ ನೀರು ಮನೆ ಹೊಕ್ಕು ಹೊರಟ ಮೇಲೆ ಕೆರೆಗೆ ಹೋಗುತ್ತದೆ, ಅದರಿಂದ ಏನು ಬಂತು? ಮೇಲೆಯೇ ಆದರೂ ಒಂದು ಎಚ್ಚರ ಬೇಕು. ನಮ್ಮ ಹಿರಿಯರ ಮದಕ (ಮಳೆನೀರಿನ ಕೆರೆ) ಗೊತ್ತಲ್ವಾ, ಮೂರು ಕಡೆ ಗುಡ್ಡದ ಇಳಿಜಾರು, ಒಂದು ಕಡೆ ಮಾತ್ರ ಕಟ್ಟ. ಒಳ್ಳೆಯ ಕ್ರಮ ಅದು. ಆದರೆ ಮನೆಗಳ ತಲೆ ಮೇಲೆ ಎತ್ತರದ ಮಣ್ಣಿನ ಬದು ಕಟ್ಟಬೇಡಿ. ಬದು ಮೂರು ಅಡಿ ಮೀರಬಾರದು, ಉಳಿದ ಆಳ ಅಗೆದೇ ಬರಲಿ. ಮತ್ತೆ ನಮ್ಮ ನೆಲದ ಗುಣ ನಿಮಗೂ ಗೊತ್ತು. ಮೇಲೆ ಗಟ್ಟಿ ಮುರಕಲ್ಲು, ಅದರ ಅಡಿಯಲ್ಲಿ ಶೇಡಿ ಮಣ್ಣು. ನೀರು ಕುಡಿದ ಶೇಡಿ ಪೇಸ್ಟಿನ ಹಾಗೆ ಜಾರುತ್ತದೆ. ಕಡಿದಾದ ಗುಡ್ಡದ ಅಂಚಿನಲ್ಲಿ, ಧರೆ ಕಡಿದು ಮನೆ ಕಟ್ಟಿದವರ ಹಿಂದೆ, ನೀರಿಗಾಗಿ ಕೊರೆದ ಸುರಂಗದ ನೆತ್ತಿಯ ಮೇಲೆ ಇಂಗುಗುಂಡಿಯೂ ಬೇಡ, ಕೆರೆಯೂ ಬೇಡ. ನೆರೆ ತಪ್ಪಿಸಲು ಹೋಗಿ ಧರೆ ಕುಸಿದರೆ ಜೀವಕ್ಕೇ ಸಂಚಕಾರ. ಅಗೆಯುವಾಗ ಬಿಳಿ ಅಥವಾ ಹಳದಿ ಬಣ್ಣದ ನುಣ್ಣನೆ ಮಣ್ಣು ಕಂಡರೆ ಕೆಲಸ ನಿಲ್ಲಿಸಿ ಪಂಚಾಯತಿನ ಇಂಜಿನಿಯರ್ ಅವರನ್ನು ಕರೆಸಿ ತೋರಿಸಿ.

ಸಿಮೆಂಟ್ ಬೇಡ. ಕುಂಬಳೆಯವರಿಗೆ ಅನಂತಪುರ ದೇವಸ್ಥಾನದ ಕೆರೆಯನ್ನು ನಾನು ತೋರಿಸಬೇಕಾಗಿಲ್ಲ, ಮುರಕಲ್ಲಿನ ನಡುವೆಯೇ ನೀರು ನಿಂತಿದೆ. ಇನ್ನು ತಳ ಇಂಗಿಸಿದಷ್ಟೂ ಕೆರೆ ಬೇಗ ಖಾಲಿಯಾಗುತ್ತದೆ, ಮಳೆಗಾಲದಲ್ಲಿ ಅದೇ ತಾನೇ ನಮಗೆ ಬೇಕಾದ್ದು. ಕಲ್ಲು, ಸಿಮೆಂಟ್ ಹಾಕಬೇಕಾದ್ದು ಕೋಡಿಗೆ. ಬದುವಿನ ತಲೆಗಿಂತ ಒಂದೂವರೆ ಅಡಿ ತಗ್ಗಿನಲ್ಲಿ ಕೋಡಿ ಇರಬೇಕು, ಅಗಲವಾಗಿರಬೇಕು, ಕೆಂಪುಕಲ್ಲು ಕಟ್ಟಿ ನೇರ ತೋಡಿಗೆ ಇಳಿಸಬೇಕು. ಎಂಥ ಕೆರೆಯಾದರೂ ಒಂದು ದಿನ ತುಂಬಿ ಹರಿಯುತ್ತದೆ, ಆ ದಿನ ನೀರು ಎಲ್ಲಿಂದ ಹೋಗಬೇಕು ಅಂತ ನಾವೇ ಹೇಳಿಡಬೇಕು. ತೂಬಿನ ಪೈಪ್ ಬದುವಿನ ಅಡಿಯಲ್ಲಿ ಹಾದು ಹೋಗುವಲ್ಲಿ ಸುತ್ತ ಒಂದು ಕಾಂಕ್ರೀಟ್ ಬಳೆ ಹಾಕಿ, ಜೇಡಿಮಣ್ಣನ್ನು ತೆಳ್ಳಗೆ ಹರಡಿ ಹರಡಿ ದಿಮ್ಮಿಸು ಹಾಕಿ. ಇಲ್ಲದಿದ್ದರೆ ನೀರು ಪೈಪಿನ ಹೊರಮೈ ಹಿಡಿದು ಹೋಗುತ್ತಾ ಹೋಗುತ್ತಾ ಬದುವನ್ನೇ ಕೊರೆದು ಹಾಕುತ್ತದೆ.

ಪೈಪಿನ ಬಾಯಿಯ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಪರಿಚಯದವರು ಕೂಡಿ ಮಾಡಿದ ಇಂಥದೇ ಒಂದು ಕೆರೆ. ಮಾಡಿದ ಮೊದಲನೇ ಮಳೆಗಾಲ. ಬೆಳಗ್ಗೆ ಐದು ಗಂಟೆಗೆ ಫೋನ್ ಬಂತು, ನೀರು ಬದು ಹತ್ತುತ್ತಿದೆ ಅಂತ. ಟಾರ್ಚ್ ಹಿಡಿದು ಓಡಿದೆವು. ಕೆರೆ ತುಳುಕುತ್ತಿದೆ, ತೋಡಿನ ಕಡೆ ಪೈಪಿನಿಂದ ಬರುತ್ತಿರುವುದು ಮಗುವಿನ ಕೈಯಷ್ಟು ದಪ್ಪದ ನೀರು. ಉದ್ದ ದೋಟಿ ಹಾಕಿ ಕೆದಕಿದೆವು, ಏನೋ ಮೆತ್ತಗೆ ತಾಗಿತು. ಎಳೆದರೆ ಬಂದದ್ದು ಒಂದು ಅಡಿಕೆ ಹಾಳೆ. ಒಂದೇ ಒಂದು ಹಾಳೆ. ಅಂಗೈ ಮುಚ್ಚಿದ ಹಾಗೆ ಪೈಪಿನ ಬಾಯಿಗೆ ಅಂಟಿ ಕೂತಿತ್ತು, ಅದರ ಮೇಲೆ ತೆಂಗಿನ ಒಣ ಮಡಲಿನ ಚೂರು, ಒಂದು ಪ್ಲಾಸ್ಟಿಕ್ ಚೀಲ. ತೆಗೆದ ಕೂಡಲೇ ನೀರು ಗುಡುಗುಡು ಅಂತ ಹೊರಟಿತು. ಅರ್ಧ ಗಂಟೆಯಲ್ಲಿ ಒಂದು ಗೇಣು ಇಳಿಯಿತು. ನಮ್ಮದು ಅಡಿಕೆ, ತೆಂಗಿನ ಊರು, ಹಾಳೆ ಬಂದೇ ಬರುತ್ತದೆ. ಹಾಗಾಗಿ ನೀರು ಕೆರೆಗೆ ಬರುವಲ್ಲೇ ಒಂದು ಸಣ್ಣ ಹೂಳು ಗುಂಡಿ ಮಾಡಿ, ಕಸ ಮತ್ತು ಮರಳು ಅಲ್ಲೇ ನಿಲ್ಲಲಿ. ಪೈಪಿನ ಬಾಯಿಗೆ ಓರೆಯಾಗಿ ಕಬ್ಬಿಣದ ಸರಳಿನ ಜಾಲರಿ ಇಡಿ, ಪೈಪಿಗಿಂತ ನಾಲ್ಕೈದು ಪಟ್ಟು ದೊಡ್ಡದು. ಹತ್ತು ಹಾಳೆ ಅಂಟಿದರೂ ನೀರಿಗೆ ದಾರಿ ಇರುತ್ತದೆ, ಕೆರೆಗೆ ಬಿದ್ದವರು ಪೈಪಿನತ್ತ ಸೆಳೆದು ಹೋಗುವುದೂ ತಪ್ಪುತ್ತದೆ.

ಬೇಸಗೆಗೆ ನೀರು ಬೇಕು ಅನ್ನುವವರೂ ನಿಮ್ಮವರೇ, ಅವರ ಮಾತಿನಲ್ಲಿ ತಪ್ಪಿಲ್ಲ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಜಿಲ್ಲೆಯಲ್ಲಿ ಏಪ್ರಿಲ್ ಬಂದರೆ ಬಾವಿ ತಳ ಕಾಣುತ್ತದೆ. ಎರಡೂ ಆಗಬೇಕಾದರೆ ಕಾಲ ಹಂಚಿಕೊಳ್ಳಬೇಕು. ಪತ್ತನಾಜೆಗೆ (ಮೇ ಕೊನೆಗೆ) ಮೊದಲು ತೂಬು ಪೂರ್ತಿ ತೆರೆದುಬಿಡಿ, ಮಳೆಗಾಲ ಇಡೀ ತೆರೆದೇ ಇರಲಿ. ರಾತ್ರಿ ಎದ್ದು ಹೋಗಿ ತೆರೆಯುವ ಏರ್ಪಾಡು ಬೇಡ, ಯಾರೋ ಒಬ್ಬರು ಮರೆತರೆ ಮುಗಿಯಿತು. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಮಳೆಯೂ ಕಳೆಯಲಿ. ದೀಪಾವಳಿ ಆದ ಮೇಲೆ, ನಮ್ಮ ಕಡೆ ತೋಡಿಗೆ ಕಟ್ಟ ಹಾಕುವ ಹೊತ್ತಿಗೆ ತೂಬಿಗೆ ಹಲಗೆ ಇಳಿಸಿ. ಆಗ ಹರಿಯುವ ನೀರು ಬೇಸಗೆಗೆ ಉಳಿಯುತ್ತದೆ, ಅಕ್ಕಪಕ್ಕದ ಬಾವಿಗೂ ಸಿಗುತ್ತದೆ. ಹಾಂ, ಹವಾಮಾನ ಇಲಾಖೆಯ ಆರೆಂಜ್ ಅಲರ್ಟ್ ಅಂದರೆ 24 ಗಂಟೆಯಲ್ಲಿ 115.6ರಿಂದ 204.4 ಮಿ.ಮೀ. ಮಳೆ ಅಂತ ಅರ್ಥ. ಅದು ಬಂದ ದಿನ ಕತ್ತಲಾಗುವ ಮೊದಲೇ ಇಬ್ಬರು ಹೋಗಿ ಜಾಲರಿ ನೋಡಿ ಬನ್ನಿ.

ಮಕ್ಕಳ ವಿಷಯದಲ್ಲಿ ರಾಜಿ ಬೇಡ. ಮುರಕಲ್ಲು ಗಟ್ಟಿ ಇದೆ ಅಂತ ನಮ್ಮ ಕಡೆ ಕೆರೆಯ ಗೋಡೆ ನೆಟ್ಟಗೆ ಕಡಿಯುತ್ತಾರೆ, ಬಿದ್ದವರಿಗೆ ಹತ್ತಲು ಒಂದು ಹಿಡಿ ಸಿಗುವುದಿಲ್ಲ. ಇಳಿಜಾರು ಮಾಡಿ, ಒಂದು ಅಡಿ ಇಳಿಯಲು ಎರಡು ಅಡಿ ಅಡ್ಡ. ಅಂಚಿನಿಂದ ಒಂದು ಮೀಟರ್ ತನಕ ಮೊಣಕಾಲಷ್ಟೇ ಆಳ ಇರುವ ಹಾಗೆ ಒಂದು ಮೆಟ್ಟಿಲು ಬಿಡಿ. ಸುತ್ತ ಬೇಲಿ, ಒಂದು ಹಗ್ಗ, ಒಂದು ಟೈರ್ ಟ್ಯೂಬ್. ಜಾಗ ಕಡಿಮೆಯಾಗುತ್ತದೆ ಅಂತ ಯಾರಾದರೂ ಹೇಳಿದರೆ, ಆ 400 ಚದರ ಮೀಟರ್ ಲೆಕ್ಕ ಇದನ್ನೆಲ್ಲ ಬಿಟ್ಟೇ ಹಾಕಿದ್ದು ಅಂತ ಹೇಳಿ.

ಸೊಳ್ಳೆ ಮೊಟ್ಟೆಯಿಂದ ಹಾರುವ ತನಕ ಒಂದು ವಾರ, ಹತ್ತು ದಿನ ಬೇಕು. ನಿಮ್ಮ ಕೆರೆ ಮಳೆ ಬಿಟ್ಟ ಒಂದೆರಡು ದಿನದಲ್ಲೇ ಇಳಿಯುತ್ತದೆ, ತಳದಲ್ಲಿ ಉಳಿದ ನೀರಿಗೆ ತೋಡಿನ ಸಣ್ಣ ಮೀನು ಬಿಟ್ಟರೆ ಸಾಕು. ಡೆಂಗಿ ಸೊಳ್ಳೆಗೆ ಕೆರೆ ಬೇಕಾಗಿಲ್ಲ. ತೋಟದಲ್ಲಿ ಬಿದ್ದ ಹಾಳೆ, ತೆಂಗಿನ ಗೆರಟೆ, ರಬ್ಬರ್ ಮರದ ಚಿಪ್ಪು, ಅಂಗಳದ ಟೈರು, ಇಷ್ಟರಲ್ಲೇ ಅದರ ಸಂಸಾರ.

ಕಾಗದಪತ್ರದ ಕೆಲಸ: ಆ ಜಾಗ ಗದ್ದೆ ಅಂತ ಡಾಟಾ ಬ್ಯಾಂಕಿನಲ್ಲಿ (ಗದ್ದೆಗಳ ಸರಕಾರಿ ಪಟ್ಟಿಯಲ್ಲಿ) ಇದೆಯಾ ಅಂತ ಕೃಷಿಭವನದಲ್ಲಿ ಮೊದಲು ಕೇಳಿ, ಕೇರಳದ 2008ರ ಗದ್ದೆ ಸಂರಕ್ಷಣಾ ಕಾನೂನು ಇದೆ. ಉದ್ಯೋಗ ಖಾತ್ರಿಯಲ್ಲಿ ಕೆಲಸ ಸೇರಿಸಬೇಕಾದರೆ ಗ್ರಾಮಸಭೆಯಲ್ಲಿ ಹೇಳಿ ಬರೆಸಿ. ಅರ್ಜಿ ಕನ್ನಡದಲ್ಲೇ ಕೊಡಿ, ನಮಗೆ ಆ ಹಕ್ಕಿದೆ. ಜಾಗ ಬಿಟ್ಟುಕೊಟ್ಟದ್ದನ್ನು ಬರೀ ಬಾಯಿಮಾತಿನಲ್ಲಿ ಇಡಬೇಡಿ, ನಾಳೆ ಮಕ್ಕಳ ಕಾಲಕ್ಕೆ ತಕರಾರು ಬರುತ್ತದೆ.

ಕೊನೆಗೆ, ತೋಡು. ನಿಮ್ಮ ಪೈಪಿನ ನೀರು ಹೋಗುವ ತೋಡಿಗೆ ರಸ್ತೆ ಅಡ್ಡ ಬರುವಲ್ಲಿ ಮೋರಿ ಎಷ್ಟು ಅಗಲ ಇದೆ? ಸಮುದ್ರದ ಉಬ್ಬರ ಇದ್ದಾಗ ಹೊಳೆಯ ನೀರು ಅಲ್ಲಿಯ ತನಕ ಹಿಂದಕ್ಕೆ ತಳ್ಳುತ್ತದಾ? ತಳ್ಳುತ್ತದೆ ಅಂತಾದರೆ ಆ ಹೊತ್ತಿನಲ್ಲಿ ಪೈಪಿನಿಂದ ನೀರು ಹೊರಡುವುದಿಲ್ಲ, ನನ್ನ ನಾಲ್ಕು ಲಕ್ಷದ ಲೆಕ್ಕ ತಲೆಕೆಳಗಾಗುತ್ತದೆ, ಕೆರೆಯ ಜಾಗ ಇನ್ನೂ ಮೇಲಕ್ಕೆ ಹೋಗಬೇಕಾಗುತ್ತದೆ. ಕೆಳಗಿನ ಮನೆಯವರನ್ನೂ ಕೂರಿಸಿ ಕೇಳಿ, ಯಾವ ಹೊತ್ತಿಗೆ ಎಷ್ಟು ನೀರು ನಿಲ್ಲುತ್ತದೆ ಅಂತ ಅವರಿಗೇ ಚೆನ್ನಾಗಿ ಗೊತ್ತು.

ಜೆಸಿಬಿಗೆ ಈಗಲೇ ಹೇಳಬೇಡಿ. ಆ 15 ಸೆಂಟ್ಸಿನಲ್ಲಿ ಎರಡು ಕಡೆ ಆಳೆತ್ತರದ ಗುಂಡಿ ತೋಡಿಸಿ, ಮಕ್ಕಳು ಬೀಳದ ಹಾಗೆ ಹಲಗೆ ಮುಚ್ಚಿ, ಆಟಿ ತಿಂಗಳು ಪೂರ್ತಿ ದಿನಕ್ಕೊಂದು ಸಲ ನೀರಿನ ಮಟ್ಟ ಅಳೆದು ಬರೆದಿಡಿ. ನೇರ ಗೋಡೆಯ ಒಂದು ಡಬ್ಬ ಅಂಗಳದಲ್ಲಿಟ್ಟು ಮಳೆಯನ್ನೂ ಅಳೆಯಿರಿ. ಆ ಪುಸ್ತಕ ನನಗೆ ಕಳಿಸಿ. ಒಂದು ಜೋರು ಮಳೆಯ ದಿನ ನಾನೇ ಬರುತ್ತೇನೆ, ಆ ಮೋರಿಯ ಹತ್ತಿರ ಇಳಿದು ನೋಡಬೇಕು.