ಎಂಡನ್ ಗುಂಡು ತಲಚೇರಿಗೆ ಬೀಳಲಿಲ್ಲ

ಪ್ರಿಯ ಓದುಗರೇ, ನಮಸ್ಕಾರ.

ವಿರಾಜಪೇಟೆಯಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ತಲಚೇರಿಯ ಕಡಲ ತೀರದಲ್ಲಿ ತುಕ್ಕು ಹಿಡಿದು ನಿಂತಿರುವ ಕಡಲ್‌ಪಾಲಂ, ಅಂದರೆ ಕಡಲೊಳಗೆ ಚಾಚಿದ ಸೇತುವೆ, ನೋಡಿ ಬಂದಿದ್ದೀರಿ. ನಿಮ್ಮ ಮುತ್ತಜ್ಜ ಘಟ್ಟದ ದಾರಿಯ ಪೆರುಂಬಾಡಿ, ಮಾಕುಟ್ಟ ದಾಟಿ ಅಲ್ಲಿಗೇ ಕಾಫಿ ಗಾಡಿ ಹೊಡೆಯುತ್ತಿದ್ದರಂತೆ. ಮೊದಲನೇ ಮಹಾಯುದ್ಧದಲ್ಲಿ ಎಂಡನ್ ಹಡಗಿನ ಗುಂಡು ಬಿದ್ದು ಆ ಸೇತುವೆ ಹಾಳಾಯಿತು ಅಂತ ಮನೆಯಲ್ಲಿ ಹೇಳುತ್ತಾರೆ, ನಿಜವೇ ಎಂದು ಕೇಳಿದ್ದೀರಿ.

ಗುಂಡಿನ ಮಾತು ನಿಜವಲ್ಲ. ಜರ್ಮನಿಯ ಆ ಹಡಗು 1914ರ ಸೆಪ್ಟೆಂಬರ್ 22ರ ರಾತ್ರಿ ಗುಂಡು ಹಾರಿಸಿದ್ದು ಮದರಾಸಿನ ಮೇಲೆ. ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಬಿತ್ತು. ಮಲಬಾರಿನ ಯಾವ ಊರನ್ನೂ ಅದು ಮುಟ್ಟಲಿಲ್ಲ. ಆದರೆ ಮನೆಯವರು ಸುಮ್ನೆ ಕಥೆ ಕಟ್ಟಿದರು ಅನ್ನಬೇಡಿ. ಅಕ್ಟೋಬರ್‌ನಲ್ಲಿ ಎಂಡನ್ ಪಶ್ಚಿಮಕ್ಕೆ ಬಂದು ಮಿನಿಕಾಯ್ ದ್ವೀಪದ ಹತ್ತಿರ ಕಾದು ಕೂತು, ಹಲವು ವ್ಯಾಪಾರಿ ಹಡಗುಗಳನ್ನು ಮುಳುಗಿಸಿತು. ನವೆಂಬರ್ 9ರಂದು ಕೋಕೋಸ್ ದ್ವೀಪಗಳಲ್ಲಿ ಅದರ ಆಟ ಮುಗಿಯಿತು. ತೀರದವರ ಆ ಹೆದರಿಕೆ ಗಾಡಿ ಹೊಡೆಯುವವರ ಜೊತೆ ಘಟ್ಟ ಹತ್ತಿ ನಿಮ್ಮ ಮನೆಗೂ ಬಂದಿರಬೇಕು.

1910ರಲ್ಲಿ ಕಟ್ಟಿದ ಸೇತುವೆ ಅದು. ತಲಚೇರಿಯಲ್ಲಿ ದಡದ ಹತ್ತಿರ ನೀರು ಆಳವಿಲ್ಲ. ಹಡಗು ದೂರದಲ್ಲೇ ಲಂಗರು ಹಾಕಬೇಕು. ಸೇತುವೆಯ ತುದಿಯವರೆಗೆ ಚೀಲ, ಅಲ್ಲಿಂದ ದೋಣಿ, ದೋಣಿಯಿಂದ ಹಡಗು. ಮಳೆಗಾಲದಲ್ಲಿ ಆ ತೆರೆದ ಕಡಲಲ್ಲಿ ದೋಣಿ ಬಿಡುವುದೇ ಕಷ್ಟ. ಕೊಡಗಿನ ಕಾಫಿ, ಮೆಣಸು ಹೀಗೆ ಲೋಕ ನೋಡಿದವು.

ಯುದ್ಧ ನಿಜವಾಗಿ ಹೊಡೆದದ್ದು ಎರಡನೇ ಸಲ, ಅಂದರೆ ಎರಡನೇ ಮಹಾಯುದ್ಧದಲ್ಲಿ, ಅದೂ ಗುಂಡಿಲ್ಲದೆ. ನಮ್ಮ ಕಾಫಿ ಕೊಳ್ಳುತ್ತಿದ್ದದ್ದು ಹೆಚ್ಚಾಗಿ ಯುರೋಪು. 1940ರಲ್ಲಿ ನಾರ್ವೆ, ಬೆಲ್ಜಿಯಂ, ಫ್ರಾನ್ಸ್ ಒಂದೊಂದಾಗಿ ಜರ್ಮನಿಯ ಕೈ ಸೇರಿದವು. ಉಳಿದ ಹಡಗುಗಳು ಯುದ್ಧದ ಸಾಮಾನಿಗೇ ಬೇಕಾದವು. ಗಿಡದಲ್ಲಿ ಹಣ್ಣಿದೆ, ಕಣದಲ್ಲಿ ಕಾಫಿ ಒಣಗುತ್ತಿದೆ, ಕೊಳ್ಳುವವರಿಲ್ಲ. ಸಣ್ಣ ಬೆಳೆಗಾರನ ಆ ವರ್ಷದ ರಾತ್ರಿಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಬೆಲೆ ಬಿದ್ದಾಗ ನಾವೂ ಹಾಗೇ ಕಣದ ಅಂಚಿನಲ್ಲಿ ಕೂತಿದ್ದೇವೆ, ಅಲ್ವಾ?

ಅದೇ ವರ್ಷ ಸರ್ಕಾರ ಸುಗ್ರೀವಾಜ್ಞೆ ತಂದಿತು. 1942ರಲ್ಲಿ ಅದು ಕಾಯ್ದೆಯಾಯಿತು. ಬೆಳೆಗಾರರು ಕಾಫಿಯನ್ನು ಒಂದೇ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನೂ ಸೇರಿಸಿ ಒಟ್ಟಿಗೆ ಮಾರುವ ದಾಸ್ತಾನಿಗೆ, ಕೊಡಬೇಕಿತ್ತು. ಮನೆಗೆ, ಬಿತ್ತನೆಗೆ ಒಂದಿಷ್ಟು ಇಟ್ಟುಕೊಳ್ಳಬಹುದಿತ್ತು. ಹಣ ಕಂತು ಕಂತಾಗಿ ಬರುತ್ತಿತ್ತು. ಹೊರಗೆ ಹೋಗದ ಕಾಫಿಯನ್ನು ನಮ್ಮವರಿಗೇ ಕುಡಿಸಬೇಕಾಯಿತು. ನಗರಗಳಲ್ಲಿ ಇಂಡಿಯಾ ಕಾಫಿ ಹೌಸ್‌ಗಳು ಹೆಚ್ಚಾದದ್ದರ ಹಿಂದೆ ಈ ಒತ್ತಡವೂ ಇತ್ತು. ಯುದ್ಧ ಮುಗಿದರೂ ಪೂಲ್ ಮುಗಿಯಲಿಲ್ಲ. 1990ರ ದಶಕದಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲವಾಗಿ, 1996ರ ಹೊತ್ತಿಗೆ ಮಾರಾಟ ಪೂರ್ತಿ ಬೆಳೆಗಾರನ ಕೈಗೆ ಬಂತು.

ಇನ್ನೊಂದು ಮಾತು. 1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನಿನ ಪಾಲಾದಾಗ ಬರ್ಮಾದ ಅಕ್ಕಿ ನಿಂತಿತು. ಮಲಬಾರು ಆ ಅಕ್ಕಿಯನ್ನು ನೆಚ್ಚಿಕೊಂಡಿತ್ತು. ಕೊಡಗಿನ ಗದ್ದೆಯ ಭತ್ತಕ್ಕೆ ಆಗ ಎಷ್ಟು ಬೆಲೆ ಬಂದಿರಬೇಕು, ನೀವೇ ಯೋಚಿಸಿ.

ಹಾಗಾದರೆ ಸೇತುವೆ ಹಾಳಾದದ್ದು ಹೇಗೆ? ಕೊಚ್ಚಿಯಲ್ಲಿ ದೊಡ್ಡ ಹಡಗು ಒಳಗೇ ಬಂದು ನಿಲ್ಲುವ ಬಂದರು ಎದ್ದಿತ್ತು. ದೋಣಿಯಲ್ಲಿ ಚೀಲ ಹೊರುವ ಊರಿಗೆ ಹಡಗು ಯಾಕೆ ಬರಬೇಕು? ಕೆಲಸ ತಪ್ಪಿದ ಕಬ್ಬಿಣವನ್ನು ಉಪ್ಪುಗಾಳಿ ತಿಂದಿತು.

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಪೆಟ್ಟಿಗೆ ಇದೆ ಎಂದಿದ್ದೀರಲ್ಲ, ದಯವಿಟ್ಟು ತೆಗೆದು ನೋಡಿ. ಗಾಡಿ ಬಾಡಿಗೆಯ ಲೆಕ್ಕ, ತಲಚೇರಿಯಲ್ಲಿ ಕಾಫಿ ಸಿಪ್ಪೆ ತೆಗೆದು ಹದ ಮಾಡಿಸಿದ ಕ್ಯೂರಿಂಗ್ ರಸೀದಿ, ಪೂಲ್‌ನ ಚೀಟಿ ಏನೇ ಸಿಕ್ಕರೂ ಫೋಟೊ ತೆಗೆದು ಕಳಿಸಿ. ಗೆದ್ದಲು ತಿನ್ನುವ ಮೊದಲು ಅದನ್ನು ಅಚ್ಚು ಹಾಕುವುದು ನನ್ನ ಕೆಲಸ.

– ಸಂಪಾದಕ