ಒಂದೇ ಹೊಂಡದ ಕಾಟ್ಲಾ ಮರಿಗಳು ಒಂದೇ ಸಮ ಬೆಳೆಯದಿರಲು ಹಾರ್ಮೋನ್ ಕೊರತೆ ಕಾರಣವೇ?

ನಿಮ್ಮ ಕೃಷಿ ಹೊಂಡಕ್ಕೆ ಒಂದೇ ದಿನ ಬಿಟ್ಟ ಕಾಟ್ಲಾ ಮರಿಗಳಲ್ಲಿ ಕೆಲವು ಮುಕ್ಕಾಲು ಕಿಲೋ ತೂಗುತ್ತಿವೆ, ಉಳಿದವು ಅಂಗೈಯಷ್ಟೇ ಇವೆ. ಸಣ್ಣವಕ್ಕೆ ಬೆಳವಣಿಗೆಯ ಹಾರ್ಮೋನನ್ನು ಮೇವಿನಲ್ಲಿ ಬೆರೆಸಿ ಕೊಡಬಹುದೇ ಎಂದು ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಕೊಡಬೇಡಿ ಎಂಬುದೇ ನನ್ನ ಉತ್ತರ. ಏಕೆಂದರೆ ಸಣ್ಣ ಮೀನಿನ ರಕ್ತದಲ್ಲಿ ಆ ಹಾರ್ಮೋನ್ ದೊಡ್ಡದಕ್ಕಿಂತ ಹೆಚ್ಚೇ ಇರಬಹುದು.

ಪಾಠಕ್ಕಾಗಿ ನಾನು ರಸೆಲ್ ಮಾರ್ಕೆಟ್ಟಿನಿಂದ ಕಾಟ್ಲಾ ತಲೆ ತರುತ್ತೇನೆ. ಬುರುಡೆಯ ಮೇಲ್ಭಾಗವನ್ನು ಕತ್ತರಿಸಿ, ಮೆದುಳನ್ನು ಮೆಲ್ಲಗೆ ಎತ್ತಿದರೆ, ಅದರ ಅಡಿಯಲ್ಲಿ ಎಲುಬಿನ ಪುಟ್ಟ ಗುಳಿಯೊಳಗೆ ತೆಳುಪೊರೆ ಹೊದ್ದ, ಸಾಸಿವೆಯಷ್ಟು ಗಾತ್ರದ ಬಿಳಿಯ ಕಾಳೊಂದು ಕಾಣುತ್ತದೆ. ಮೊದಲ ಸಲ ನೋಡುವ ಮಕ್ಕಳು ಅದನ್ನು ಕೊಬ್ಬಿನ ಚೂರೆಂದು ಒರೆಸಿ ಹಾಕುವುದೂ ಉಂಟು. ಅದೇ ಪಿಟ್ಯುಟರಿ ಗ್ರಂಥಿ. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಇಂಥ ಗ್ರಂಥಿಯ ಸಾರವನ್ನು ಚುಚ್ಚಿಯೇ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದ್ದು. ಆದರೆ ಅಲ್ಲಿ ಕೆಲಸ ಮಾಡಿದವು ಸಂತಾನಕ್ಕೆ ಸಂಬಂಧಿಸಿದ ಹಾರ್ಮೋನುಗಳು.

ಬೆಳವಣಿಗೆಯ ಹಾರ್ಮೋನ್ ಸಹ ಇದೇ ಕಾಳಿನಿಂದ ಹೊರಡುತ್ತದೆ. ಮೆದುಳಿನ ಹೈಪೊಥಲಾಮಸ್ ಭಾಗದ ನರತಂತುಗಳು ಮೀನಿನಲ್ಲಿ ನೇರವಾಗಿ ಈ ಗ್ರಂಥಿಯೊಳಕ್ಕೇ ಇಳಿದು, ಕೆಲವು ಸಂಕೇತಗಳಿಂದ ಅದನ್ನು ಪ್ರಚೋದಿಸುತ್ತವೆ, ಸೊಮಾಟೊಸ್ಟಾಟಿನ್ ಎಂಬ ಹಾರ್ಮೋನಿನಿಂದ ತಡೆಯುತ್ತವೆ. ಹೊರಬಂದ ಹಾರ್ಮೋನ್ ಯಕೃತ್ತನ್ನು ಮುಟ್ಟಿದಾಗ ಅಲ್ಲಿ ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನ್ ತಯಾರಾಗುತ್ತದೆ. ಸ್ನಾಯು ಮತ್ತು ಎಲುಬನ್ನು ಬೆಳೆಸುವ ಕೆಲಸದಲ್ಲಿ ಇದರದೇ ದೊಡ್ಡ ಪಾಲು, ಸಾಕಷ್ಟಾದಾಗ ಪಿಟ್ಯುಟರಿಗೆ ಇನ್ನು ಸಾಕು ಎಂದು ತಿಳಿಸುವುದೂ ಇದೇ.

ಮೀನು ಉಪವಾಸ ಬಿದ್ದಾಗ ಏನಾಗುತ್ತದೆ ನೋಡಿ. ಯಕೃತ್ತು ಹಾರ್ಮೋನಿನ ಮಾತಿಗೆ ಓಗೊಡುವುದನ್ನು ಕಡಿಮೆ ಮಾಡುತ್ತದೆ, ಐಜಿಎಫ್-1 ಇಳಿಯುತ್ತದೆ, ಸಾಕು ಎನ್ನುವ ಸಂಕೇತವೂ ಇಲ್ಲದಾಗಿ ಪಿಟ್ಯುಟರಿ ಇನ್ನಷ್ಟು ಸುರಿಸುತ್ತದೆ. ಸಾಲ್ಮನ್ ಮೊದಲಾದ ಹಲವು ಮೀನುಗಳಲ್ಲಿ ಇದನ್ನು ಅಳೆದು ನೋಡಿದ್ದಾರೆ. ಹೀಗೆ ಏರಿದ ಹಾರ್ಮೋನ್ ಮೈಯ ಕೊಬ್ಬನ್ನು ಕರಗಿಸಿ ಜೀವ ಉಳಿಸಲು ನೆರವಾಗುತ್ತದೆಯೇ ಹೊರತು ಮೈ ಬೆಳೆಸುವುದಿಲ್ಲ. ನೀವು ಕಟ್ಟಿದ ಹಿಂಡಿ-ತೌಡಿನ ಚೀಲದ ಬಳಿಗೆ ದೊಡ್ಡವು ನುಗ್ಗಿ ಸಣ್ಣವನ್ನು ಹಿಂದಕ್ಕೆ ತಳ್ಳುತ್ತಿದ್ದರೆ, ನಿಮ್ಮಲ್ಲಿ ಆಗುತ್ತಿರುವುದು ಬಹುಶಃ ಇದೇ.

ಮೇವಿನಲ್ಲಿ ಬೆರೆಸಿದ ಹಾರ್ಮೋನ್ ಪ್ರೋಟೀನಾದ್ದರಿಂದ ಬಹುಪಾಲು ಕರುಳಿನಲ್ಲೇ ಜೀರ್ಣವಾಗುತ್ತದೆ. 2015ರಲ್ಲಿ ಅಮೆರಿಕ ಒಪ್ಪಿದ ಬೇಗ ಬೆಳೆಯುವ ಸಾಲ್ಮನ್‌ನ ಸಂಗತಿ ಬೇರೆ. ಅಲ್ಲಿ ಮೀನಿನ ಜೀನನ್ನೇ ಬದಲಿಸಲಾಗಿದೆ.

ಇನ್ನೊಂದು ವಿಚಾರ. ಬೆಳಗಿನ ಜಾವ ಹೊಂಡದ ಬಳಿ ನಿಂತು ನೋಡಿ. ಮೀನುಗಳು ನೀರಿನ ಮೇಲ್ಮೈಗೆ ಬಾಯಿ ತಂದು ಗುಟುಕರಿಸುತ್ತಿದ್ದರೆ ಆಮ್ಲಜನಕ ಸಾಲುತ್ತಿಲ್ಲ ಎಂದರ್ಥ. ದಿನವೂ ಹಾಗಾದರೆ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರಿ, ಹಸಿವೂ ಬೆಳವಣಿಗೆಯೂ ಕುಗ್ಗುತ್ತವೆ.

ಸಣ್ಣವನ್ನು ಬಲೆಯಲ್ಲಿ ಹಿಡಿದು ಬೇರೆ ಹೊಂಡಕ್ಕೆ ಬಿಟ್ಟು, ದಟ್ಟಣೆಯಿಲ್ಲದಂತೆ ನೋಡಿಕೊಂಡು, ಒಂದು ತಿಂಗಳು ಹೊಟ್ಟೆ ತುಂಬ ಮೇವು ಕೊಡಿ. ಹಸಿದಿದ್ದ ಮೀನು ಮತ್ತೆ ಮೇವು ಸಿಕ್ಕಾಗ ಎಂದಿಗಿಂತ ವೇಗವಾಗಿ ಬೆಳೆಯಬಲ್ಲದು. ಆಗಲೂ ತೂಕ ಏರದಿದ್ದರೆ, ಹೆಸರಘಟ್ಟದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರದವರಲ್ಲಿ ವಿಚಾರಿಸಿ.