ಸುಮ್ನೆ ಲಾಗ್ ನೋಡಿದರೂ ಅಪಾಯವಾ?

ಪ್ರಶ್ನೆ: ಸರ್, ಇಲ್ಲಿನ ಒಂದು ರೈಸ್ ಮಿಲ್ ಆಫೀಸಿನ ಸರ್ವರ್ ನೋಡಿಕೊಳ್ಳುತ್ತೇನೆ. ಮ್ಯಾಕ್‌ನಲ್ಲಿ ಐಟರ್ಮ್2 (ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಆ್ಯಪ್) ತೆರೆದು, ನಮ್ಮ ವೆಬ್‌ಸೈಟಿನ ಲಾಗ್ (ಯಾರು ಬಂದರು ಅಂತ ಸರ್ವರ್ ಬರೆದಿಡುವ ದಾಖಲೆ) ಅನ್ನು ಟೇಲ್ -ಎಫ್ (ಹೊಸ ಸಾಲು ಬಂದ ಹಾಗೆ ತೋರಿಸುವ ಕಮಾಂಡ್) ಹಾಕಿ ಇಡೀ ದಿನ ಬಿಟ್ಟಿರುತ್ತೇನೆ. ಕೊಪ್ಪಳದ ಗೆಳೆಯರೊಬ್ಬರು ಲಾಗ್ ನೋಡಿದರೂ ಹ್ಯಾಕ್ ಆಗಬಹುದು ಅಂತಾರೆ. ನಾನು ಏನೂ ಡೌನ್‌ಲೋಡ್ ಮಾಡಲ್ಲ, ಮ್ಯಾಕ್‌ನಲ್ಲಿ ಯಾವ ಪೋರ್ಟೂ (ಹೊರಗಿನವರು ಒಳಬರುವ ಬಾಗಿಲು) ತೆರೆದಿಲ್ಲ. ನಿಜಾನಾ?
– ಓದುಗರು, ಗಂಗಾವತಿ

ಉತ್ತರ: ನಿಜ. ನಿಮ್ಮ ಐಟರ್ಮ್2ನಲ್ಲೇ ಅಂಥ ದೋಷ ಸಿಕ್ಕಿತ್ತು. ಮೊಜಿಲ್ಲಾ ದುಡ್ಡು ಕೊಟ್ಟು ಮಾಡಿಸಿದ ತಪಾಸಣೆಯಲ್ಲಿ ಅದು ಹೊರಬಂದದ್ದು 2019ರ ಅಕ್ಟೋಬರ್‌ನಲ್ಲಿ, ಅದಕ್ಕೂ ಮೊದಲು ಕನಿಷ್ಠ 7 ವರ್ಷ ಯಾರ ಕಣ್ಣಿಗೂ ಬೀಳದೆ ಅಲ್ಲೇ ಇತ್ತು. ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2019-9535 ಅಂತ ಅದರ ನಂಬರ್. ತಪಾಸಣೆಯವರು ಕೊಟ್ಟ ಉದಾಹರಣೆಗಳಲ್ಲಿ ನೀವು ಮಾಡುತ್ತಿರುವ ಕೆಲಸವೇ ಇತ್ತು: ಅಪಾಚೆ ಅನ್ನೋ ವೆಬ್ ಸರ್ವರಿನ ರೆಫರರ್ ಲಾಗ್ (ಯಾವ ಪುಟದಿಂದ ಬಂದೆ ಅಂತ ಬ್ರೌಸರ್ ಹೇಳಿದ್ದರ ದಾಖಲೆ) ಅನ್ನು ಟೇಲ್ -ಎಫ್‌ನಲ್ಲಿ ನೋಡುವುದು.

ಟರ್ಮಿನಲ್‌ಗೆ ಬರುವ ಅಕ್ಷರಗಳೆಲ್ಲ ಓದೋಕೆ ಬರುವುದಿಲ್ಲ. ಬಣ್ಣ ಬದಲಿಸು, ಕರ್ಸರ್ ಸರಿಸು, ವಿಂಡೋಗೆ ಈ ಹೆಸರಿಡು ಅನ್ನುವ ಆದೇಶಗಳೂ ಅದೇ ಸಾಲಿನಲ್ಲಿ, ಎಸ್ಕೇಪ್ ಅನ್ನೋ ಕಾಣದ ಅಕ್ಷರದ ಹಿಂದೆ ಬರುತ್ತವೆ. ಕೆಲವು ಆದೇಶಗಳಂತೂ ಟರ್ಮಿನಲ್‌ಗೇ ಪ್ರಶ್ನೆ ಕೇಳುತ್ತವೆ. ಅದು ಕೊಡುವ ಉತ್ತರ ನೀವೇ ಕೀಬೋರ್ಡಿನಲ್ಲಿ ಟೈಪ್ ಮಾಡಿದ ಹಾಗೆ ಒಳಗೆ ಹೋಗುತ್ತದೆ, ಕಷ್ಟ ಇರುವುದೇ ಇಲ್ಲಿ. ನಿಮ್ಮ ಸೈಟಿಗೆ ಬರುವ ಯಾರು ಬೇಕಾದರೂ ರೆಫರರ್ ಜಾಗದಲ್ಲಿ ಬೇಕಾದ್ದು ಬರೆದು ಕಳಿಸಬಹುದು. ಸರ್ವರ್ ಅದನ್ನು ಸೋಸದೆ ಲಾಗ್‌ಗೆ ಹಾಕಿದರೆ ನೇರ ನಿಮ್ಮ ಟರ್ಮಿನಲ್‌ಗೇ ಬರುತ್ತದೆ, ಪೋರ್ಟ್ ಮುಚ್ಚಿದ್ದರೂ ಅಷ್ಟೇ, ಯಾಕಂದ್ರೆ ಅದನ್ನು ಒಳಗೆ ತರಿಸಿಕೊಂಡವರು ನೀವೇ ಅಲ್ವಾ? ಐಟರ್ಮ್2ನಲ್ಲಿ ತೂತು ಇದ್ದದ್ದು ಟಿಮಕ್ಸ್ (ಒಂದೇ ಟರ್ಮಿನಲ್‌ನಲ್ಲಿ ಹಲವು ಸೆಷನ್ ನಡೆಸುವ ಪ್ರೋಗ್ರಾಂ) ಜೊತೆಗಿನ ಜೋಡಣೆಯಲ್ಲಿ. 3.3.6 ಆವೃತ್ತಿಯಲ್ಲಿ ಸರಿ ಮಾಡಿದರು. ಆದರೆ 2024ರಲ್ಲಿ 3.5.0 ಮತ್ತು 3.5.1ರಲ್ಲಿ ವಿಂಡೋ ಹೆಸರಿನ ದಾರಿಯಲ್ಲಿ ಇನ್ನೊಂದು ಸಿಕ್ಕಿತು, ಅದು ಹೋದದ್ದು 3.5.2ರಲ್ಲಿ. ಹಾಗಾಗಿ ಇವತ್ತೇ ಅಪ್‌ಡೇಟ್ ಮಾಡಿ, ನಾಳೆಗೆ ಬಿಡಬೇಡಿ.

ಲಾಗ್ ಓದೋಕೆ ಲೆಸ್ ಅನ್ನೋ ಕಮಾಂಡ್ ಬಳಸಿ. ಅದು ಎಸ್ಕೇಪ್ ಬಂದರೆ ಪಾಲಿಸದೆ ಇಎಸ್‌ಸಿ ಅಂತ ಅಕ್ಷರದಲ್ಲೇ ತೋರಿಸುತ್ತದೆ. ಅದಕ್ಕೆ ಸಣ್ಣ ಅಕ್ಷರದ -ಆರ್ ಮಾತ್ರ ಸೇರಿಸಬೇಡಿ, ಆ ಕಾವಲು ಹೋಗಿಬಿಡುತ್ತದೆ. ಟೇಲ್ ಬೇಕೇ ಬೇಕು ಅಂದ್ರೆ ಅದರ ಔಟ್‌ಪುಟ್ ಅನ್ನು ಪೈಪ್ ಹಾಕಿ ಕ್ಯಾಟ್ -ವಿಗೆ ಕಳಿಸಿ, ಅದೂ ಎಸ್ಕೇಪ್ ಅನ್ನು ಕಾಣುವ ಅಕ್ಷರವಾಗಿಸುತ್ತದೆ.

ಪ್ರಶ್ನೆ: ನಾವು ವಿಂಡೋಸ್‌ನಲ್ಲಿ ಪುಟ್ಟಿ (ದೂರದ ಸರ್ವರಿಗೆ ಲಾಗಿನ್ ಆಗುವ ಪ್ರೋಗ್ರಾಂ) ಬಳಸುತ್ತೇವೆ. ನಮಗೆ ಈ ಚಿಂತೆ ಇಲ್ಲ ತಾನೇ?
– ಓದುಗರು, ರಾಯಚೂರು

ಉತ್ತರ: ಐಟರ್ಮ್2ನ ದೋಷ ನಿಮಗಿಲ್ಲ, ನಿಮ್ಮದು ಬೇರೆ. ಪುಟ್ಟಿ 0.68ರಿಂದ 0.80ರವರೆಗೆ 521 ಬಿಟ್‌ನ ಇಸಿಡಿಎಸ್‌ಎ ಕೀ (ಪಾಸ್‌ವರ್ಡ್ ಬದಲು ಬಳಸುವ ಒಂದು ಬಗೆಯ ಕೀ) ಬಳಸಿ ಲಾಗಿನ್ ಆಗಿದ್ದರೆ, ಲಾಗಿನ್ ಆಗುವಾಗ ಆ ಕೀ ಹಾಕುವ ಸಹಿಗಳಲ್ಲಿ ಸುಮಾರು 60 ಸಿಕ್ಕವರು ನಿಮ್ಮ ಖಾಸಗಿ ಕೀಯನ್ನೇ ಲೆಕ್ಕ ಹಾಕಿ ತೆಗೆಯಬಹುದು. 2024ರ ಏಪ್ರಿಲ್‌ನಲ್ಲಿ ಬಂದ 0.81ರಲ್ಲಿ ಸರಿಯಾಗಿದೆ, ಆದರೆ ಅಪ್‌ಡೇಟ್ ಮಾಡಿ ಕೈ ತೊಳೆದುಕೊಂಡರೆ ಸಾಲದು. ಆ ಕೀ ಕೆಟ್ಟಿತು ಅಂತಲೇ ತಿಳಿಯಿರಿ. ಹೊಸದು ಮಾಡಿಕೊಂಡು, ಹಳೆಯದನ್ನು ಪ್ರತಿ ಸರ್ವರಿನ ಆಥರೈಸ್ಡ್ ಕೀಸ್ ಫೈಲಿನಿಂದಲೂ (ಯಾವ ಕೀ ಇದ್ದವರನ್ನು ಒಳಬಿಡಬೇಕು ಅನ್ನುವ ಪಟ್ಟಿ) ಅಳಿಸಿ.